ನೀರಿನ ಸರದಿ ಹೇಳಿಕೊಟ್ಟ ವಿಶ್ವೇಶ್ವರಯ್ಯನವರು



ನಮ್ಮ ಗದ್ದೆ ಇರೋದು ನಾಲೆಯ ಕೊನೇಲಿ. ಹೋದ ವರ್ಷ ಮೇಲಿನ ಗದ್ದೆಯೋರು ಕಬ್ಬಿಗೆ ನೀರು ಕಟ್ಟಿಕೊಂಡರು. ನಮ್ಮ ಭತ್ತ ಹೊಡೆ ಬರೋ ಹೊತ್ತಿಗೆ ಒಣಗಿಹೋಯ್ತು. ತೂಬಿನ ಹತ್ತಿರ ನಮ್ಮಪ್ಪನಿಗೂ ಅವರಿಗೂ ದೊಡ್ಡ ಜಗಳವಾಯ್ತು. ಅದಕ್ಕೇ ಈ ಸಲ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಬರೆಯುತ್ತಿದ್ದೇನೆ.

ಅವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಓದಿ 1881ರಲ್ಲಿ ಬಿ.ಎ. ಪಾಸಾದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಪುಣೆ ಕಡೆಯ ನಾಲೆಗಳಲ್ಲೂ ನಮ್ಮೂರಿನ ಕತೆಯೇ ಇತ್ತು. ಕೆಲವರು ಬರೀ ಕಬ್ಬು ಹಾಕಿ ಬೇಕಾದಷ್ಟು ನೀರು ಬಿಟ್ಟುಕೊಳ್ಳುತ್ತಿದ್ದರು. ಅವರ ಹೊಲ ಜೌಗಾಗುತ್ತಿತ್ತು, ಬೇರೆಯವರಿಗೆ ನೀರು ಸಾಲುತ್ತಿರಲಿಲ್ಲ. ಬರೀ ನಾಲೆ ತೋಡಿದರೆ ಸಾಲದು, ಯಾವ ಜಮೀನಿಗೆ ಯಾವ ಬೆಳೆ ಅನ್ನೋದನ್ನೂ ನೀರಿನ ಜೊತೆಗೇ ಗೊತ್ತು ಮಾಡಬೇಕು ಎಂದು ಅವರು ಕಂಡುಕೊಂಡರು. ಅದೇ ಬ್ಲಾಕ್ ಪದ್ಧತಿ. ಹಳ್ಳಿ ಹಳ್ಳಿಯಲ್ಲೂ ಒಳ್ಳೆ ಮಣ್ಣಿನ ಜಮೀನು ಗುರುತು ಮಾಡಿ ಮೂರು ಪಾಲು ಮಾಡುವುದು. ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಒಂದರಲ್ಲಿ ಕಡಿಮೆ ನೀರಿನ ಬೆಳೆ. ಮಾರನೇ ವರ್ಷ ಬೆಳೆ ಅದಲು ಬದಲು. ಹೀಗೆ ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಬರುತ್ತದೆ. ಮೊದಮೊದಲು ರೈತರು ಒಪ್ಪಲಿಲ್ಲವಂತೆ.

1909ರಲ್ಲಿ ಅವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕಟ್ಟೆ ಪೂರ್ತಿಯಾಗಿದ್ದು ಅವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷ ಆದ ಮೇಲೆ. ಹಳೇ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು. ಆ ಊರಿನವರು ಮನೆ ಬಿಟ್ಟುಕೊಟ್ಟಿದ್ದನ್ನೂ ನಾವು ಮರೆಯಬಾರದು. ಕಟ್ಟೆಯ ನಾಲೆ ಮಂಡ್ಯದ ಕಡೆ ಹರಿದಾಗ ಅಲ್ಲಿಗೂ ಬ್ಲಾಕ್ ಪದ್ಧತಿ ಬಂತು.

1955ರಲ್ಲಿ ಅವರಿಗೆ ಭಾರತ ರತ್ನ ಸಿಕ್ಕಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು.

ಇದನ್ನೆಲ್ಲಾ ಅಪ್ಪನಿಗೆ ಓದಿ ಹೇಳಿದೆ. ನಾವೂ ಒಂದು ವರ್ಷ ಭತ್ತ ಬಿಟ್ಟು ರಾಗಿ ಹಾಕಬೇಕಾಗುತ್ತಲ್ಲ ಅಂತ ಅಪ್ಪ ಯೋಚನೆ ಮಾಡಿದರು. ಸರದಿ ಅಂದ ಮೇಲೆ ಎಲ್ಲರಿಗೂ ಸರದಿಯೇ. ಮೇಲಿನ ಗದ್ದೆಯವರ ಮಗ ನಮ್ಮ ಕ್ಲಾಸಿನಲ್ಲೇ ಇದ್ದಾನೆ. ಜಗಳ ಆದಾಗಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಅವನೂ ಇದನ್ನು ಓದಿ ಅವರಪ್ಪನಿಗೆ ಹೇಳಲಿ. ಮೊದಲು ನಾನೇ ಮಾತಾಡಿಸ್ತೀನಿ.

— ಏಳನೇ ತರಗತಿ