ಬುತ್ತಿ ಹಂಚಿದ ಕೈ, ಲೆಕ್ಕ ಬರೆಯದ ಪುಸ್ತಕ: ಕ್ಲಾರಾ ಬಾರ್ಟನ್

ರೆಡ್‌ಕ್ರಾಸ್ ಅಂದರೆ ನಮ್ಮ ಊರಿನಲ್ಲಿ ಮೊದಲು ನೆನಪಾಗುವುದು ರಕ್ತದಾನ ಶಿಬಿರ. ಈ ಸಂಸ್ಥೆಯನ್ನು ಅಮೆರಿಕದಲ್ಲಿ ಕಟ್ಟಿದವರು ಒಬ್ಬ ಶಾಲಾ ಶಿಕ್ಷಕಿ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ಹೆಸರು ಕ್ಲಾರಾ ಬಾರ್ಟನ್. ಒಂದು ಸೇವಾ ಸಂಸ್ಥೆ ನಡೆಸುವವರು ಅವರ ಜೀವನದಿಂದ ಕಲಿಯಬೇಕಾದದ್ದು ಎರಡಿದೆ. ಒಂದು ಅವರು ಮಾಡಿದ ಕೆಲಸದಿಂದ, ಇನ್ನೊಂದು ಅವರಿಂದಾದ ತಪ್ಪಿನಿಂದ.

ಕ್ಲಾರಾ ಹುಟ್ಟಿದ್ದು 1821ರ ಡಿಸೆಂಬರ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ. ಮನೆಯ ಐದು ಮಕ್ಕಳಲ್ಲಿ ಕೊನೆಯವರು. ತುಂಬ ನಾಚಿಕೆಯ ಹುಡುಗಿ. ಅವರಿಗೆ 11 ವರ್ಷ ಆಗಿದ್ದಾಗ ಅಣ್ಣ ಡೇವಿಡ್ ಕೊಟ್ಟಿಗೆಯ ಮೇಲಿಂದ ಬಿದ್ದು ಹಾಸಿಗೆ ಹಿಡಿದ. ಸುಮಾರು ಎರಡು ವರ್ಷ ಅವನ ಆರೈಕೆ ಮಾಡಿದ್ದು ಈ ಪುಟ್ಟ ತಂಗಿ.

ಮುಂದೆ ಶಿಕ್ಷಕಿಯಾದರು. 1852ರಲ್ಲಿ ಬೋರ್ಡನ್‌ಟೌನ್ ಎಂಬಲ್ಲಿ ಬಡವರ ಮಕ್ಕಳಿಗಾಗಿ ಫೀಸಿಲ್ಲದ ಶಾಲೆ ಶುರು ಮಾಡಿದರು. ಬೆರಳೆಣಿಕೆಯ ಮಕ್ಕಳಿಂದ ಶುರುವಾದದ್ದು ನೂರಾರು ಮಕ್ಕಳಾಯಿತು, ಊರಿನವರು ದೊಡ್ಡ ಕಟ್ಟಡವನ್ನೂ ಕಟ್ಟಿದರು. ಆದರೆ ಹೆಡ್‌ಮಾಸ್ಟರ್ ಹುದ್ದೆಗೆ ಹೊರಗಿನಿಂದ ಒಬ್ಬ ಗಂಡಸನ್ನು ತಂದು ಕೂರಿಸಿದರು. ಕ್ಲಾರಾ ಕೆಲಸ ಬಿಟ್ಟು ವಾಷಿಂಗ್ಟನ್‌ಗೆ ಹೋಗಿ ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಗಾಯಗೊಂಡು ಬಂದ ಸೈನಿಕರಿಗೆ ಬಟ್ಟೆಯೂ ಇಲ್ಲ, ಊಟವೂ ಇಲ್ಲ. ಕ್ಲಾರಾ ಮನೆ ಮನೆಯಿಂದ ಸಾಮಾನು ಸೇರಿಸಿದರು, ಅನುಮತಿ ಪಡೆದು ಗಾಡಿಯಲ್ಲಿ ನೇರ ಯುದ್ಧಭೂಮಿಗೇ ಹೋದರು. 1862ರಲ್ಲಿ ಆಂಟೀಟಮ್‌ನಲ್ಲಿ ಒಬ್ಬ ಗಾಯಾಳುವಿನ ಆರೈಕೆ ಮಾಡುತ್ತಿದ್ದಾಗ ಗುಂಡೊಂದು ಅವರ ತೋಳಿನ ಬಟ್ಟೆಯನ್ನು ತೂರಿಕೊಂಡು ಹೋಗಿ ಅವನ ಪ್ರಾಣ ತೆಗೆಯಿತು. ಆದರೂ ಅವರು ಅಲ್ಲಿಂದ ಹಿಂದೆ ಸರಿಯಲಿಲ್ಲ.

ಯುದ್ಧ ಮುಗಿದರೂ ಅವರ ಕೆಲಸ ಮುಗಿಯಲಿಲ್ಲ. ಮಗ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದ ತಾಯಂದಿರು ಸಾವಿರಾರು. ಅವರಿಗಾಗಿ ಕ್ಲಾರಾ ಒಂದು ಕಚೇರಿ ತೆರೆದರು. ಬಂದ ಪತ್ರಗಳು 63,000ಕ್ಕೂ ಹೆಚ್ಚು. ಸುಮಾರು 22,000 ಸೈನಿಕರು ಏನಾದರು ಅಂತ ಪತ್ತೆಹಚ್ಚಿ ಮನೆಯವರಿಗೆ ತಿಳಿಸಿದರು.

1869ರಲ್ಲಿ ಆರೋಗ್ಯ ಕೆಟ್ಟು ಯುರೋಪಿಗೆ ಹೋದಾಗ ಜಿನೀವಾದಲ್ಲಿ ರೆಡ್‌ಕ್ರಾಸ್ ಬಗ್ಗೆ ತಿಳಿಯಿತು. ಊರಿಗೆ ಮರಳಿ ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ತಟ್ಟಿದರು. ಕೊನೆಗೆ 1881ರ ಮೇ 21ರಂದು ಅಮೆರಿಕನ್ ರೆಡ್‌ಕ್ರಾಸ್ ಹುಟ್ಟಿತು. ಆಗ ಕ್ಲಾರಾ ಅವರಿಗೆ 59 ವರ್ಷ.

ಯುದ್ಧ ಇಲ್ಲದ ಕಾಲದಲ್ಲೂ ನೆರೆ, ಬಿರುಗಾಳಿ, ಬರಗಾಲಕ್ಕೆ ರೆಡ್‌ಕ್ರಾಸ್ ಹೋಗಬೇಕು ಎಂಬುದು ಅವರ ನಿಲುವು. 1889ರಲ್ಲಿ ಜಾನ್ಸ್‌ಟೌನ್‌ನಲ್ಲಿ ಅಣೆಕಟ್ಟು ಒಡೆದು 2,209 ಜನ ಸತ್ತರು. ಕ್ಲಾರಾ ಅಲ್ಲಿ ಐದು ತಿಂಗಳು ನಿಂತರು. 1893ರಲ್ಲಿ ಸೌತ್ ಕೆರೊಲಿನಾದ ದ್ವೀಪಗಳಿಗೆ ಚಂಡಮಾರುತ ಬಡಿಯಿತು. ಅಲ್ಲಿದ್ದವರು ಹೆಚ್ಚಾಗಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನರು. ಅವರಿಗೆ ಬರೀ ಅಕ್ಕಿಬೇಳೆ ಹಂಚಿ ಫೋಟೋ ತೆಗೆಸಿಕೊಂಡು ಬರಲಿಲ್ಲ. ಹತ್ತು ತಿಂಗಳು ಉಳಿದು, ಬೀಜ ಕೊಟ್ಟು, ನೀರು ಹರಿಯಲು ಕಾಲುವೆ ತೋಡಿಸಿ, ಅವರ ಕಾಲ ಮೇಲೆ ಅವರೇ ನಿಲ್ಲುವ ಹಾಗೆ ಮಾಡಿದರು.

1896ರಲ್ಲಿ 74ರ ವಯಸ್ಸಿನಲ್ಲಿ ಇಸ್ತಾಂಬುಲ್‌ಗೂ ಹೋದರು. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಸಂಕಷ್ಟಕ್ಕೆ ಸಿಲುಕಿದ ಅರ್ಮೇನಿಯನ್ನರಿಗೆ ನೆರವಾಗಬೇಕಿತ್ತು. ವಿದೇಶ ಮಂತ್ರಿ ತೌಫೀಕ್ ಪಾಷಾರನ್ನು ಕಂಡು ಒಪ್ಪಿಗೆ ಪಡೆದರು, ಒಳನಾಡಿಗೆ ತಮ್ಮ ತಂಡಗಳನ್ನು ಕಳಿಸಿದರು. 1900ರಲ್ಲಿ ಗ್ಯಾಲ್ವೆಸ್ಟನ್‌ನ ಚಂಡಮಾರುತಕ್ಕೆ ಹೋದಾಗ 78 ವರ್ಷ.

ಈಗ ಎರಡನೇ ಪಾಠ. 23 ವರ್ಷ ಅಧ್ಯಕ್ಷೆಯಾಗಿದ್ದ ಕ್ಲಾರಾ ಎಲ್ಲ ಕೆಲಸವನ್ನೂ ತಾವೇ ಮಾಡುತ್ತಿದ್ದರು, ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ. ಗ್ಲೆನ್ ಎಕೋದಲ್ಲಿದ್ದ ಅವರ ಮನೆಯೇ ಕಚೇರಿ, ಅದೇ ಗೋದಾಮು. ಅದನ್ನು ಕಟ್ಟಿದ್ದೂ ಜಾನ್ಸ್‌ಟೌನ್ ಪರಿಹಾರದ ಮರಮುಟ್ಟಿನಿಂದ. ಸ್ವಂತ ಹಣವನ್ನು ಸಂಸ್ಥೆಗೆ ಸುರಿಯುತ್ತಿದ್ದರು, ಆದರೆ ಯಾವುದು ತನ್ನದು, ಯಾವುದು ಸಂಸ್ಥೆಯದು ಅಂತ ಸರಿಯಾದ ಲೆಕ್ಕ ಇಡಲಿಲ್ಲ. ಜೊತೆಗಿದ್ದವರೇ ಪ್ರಶ್ನೆ ಎತ್ತಿದರು, ವಿಚಾರಣೆ ನಡೆಯಿತು. ಅವರು ಹಣ ತಿಂದರು ಅಂತ ಸಾಬೀತಾಗಲಿಲ್ಲ. ಆದರೂ ಮನಸ್ಸು ಒಡೆದಿತ್ತು. 1904ರಲ್ಲಿ, 82ರ ವಯಸ್ಸಿನಲ್ಲಿ ನೋವಿನಿಂದಲೇ ರಾಜೀನಾಮೆ ಕೊಟ್ಟರು. ಮರುವರ್ಷ ಬಂದ ಹೊಸ ಕಾನೂನು, ಸಂಸ್ಥೆ ಪ್ರತಿ ವರ್ಷ ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕು ಅಂತ ಕಡ್ಡಾಯ ಮಾಡಿತು.

ಕ್ಲಾರಾ ಸುಮ್ಮನೆ ಕೂರಲಿಲ್ಲ. ಜನರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಇನ್ನೊಂದು ಸಂಘ ಕಟ್ಟಿದರು. 1912ರ ಏಪ್ರಿಲ್ 12ರಂದು, 90ರ ವಯಸ್ಸಿನಲ್ಲಿ ಅದೇ ಮನೆಯಲ್ಲಿ ತೀರಿಕೊಂಡರು.

ಸಂಘ, ಟ್ರಸ್ಟ್ ಅಂತ ನಮ್ಮಲ್ಲೂ ಓಡಾಡುವವರು ಬಹಳ ಜನರಿದ್ದಾರೆ. ಜನರ ಹಣ ಅಮಾನತ್. ಮನಸ್ಸು ಶುದ್ಧವಾಗಿದ್ದರೆ ಸಾಲದು, ಪುಸ್ತಕವೂ ಶುದ್ಧವಾಗಿರಬೇಕು. ಕೈಲಾಗುವಾಗಲೇ ಕೆಲಸವನ್ನು ಕಿರಿಯರಿಗೆ ಕಲಿಸಿ ಒಪ್ಪಿಸಬೇಕು. ಕ್ಲಾರಾ ಅವರ ದುಡಿಮೆ ನಮಗೆ ಮಾದರಿಯಾಗಲಿ, ಅವರ ಕೊನೆಯ ನೋವು ಎಚ್ಚರಿಕೆಯಾಗಲಿ.