ಹೆಲ್ಮೆಟ್ ಇಲ್ಲದೆ ಕೊನೆಯ ಸವಾರಿ: ‘ಲಾರೆನ್ಸ್ ಆಫ್ ಅರೇಬಿಯಾ’ ಸಾವಿನಿಂದ ಬದಲಾಗಿದ್ದೇನು?

ಮೊದಲ ಮಹಾಯುದ್ಧದ ಮರುಭೂಮಿಯಲ್ಲಿ ಗುಂಡುಗಳ ನಡುವೆ ಓಡಾಡಿ ಬದುಕಿ ಬಂದ ಟಿ.ಇ. ಲಾರೆನ್ಸ್ ಮಾರಣಾಂತಿಕವಾಗಿ ಗಾಯಗೊಂಡಿದ್ದು ತಮ್ಮ ಮನೆ ಹತ್ತಿರದ ಹಳ್ಳಿ ರಸ್ತೆಯಲ್ಲಿ.

1888ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಲಾರೆನ್ಸ್ ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿದರು. ತುರ್ಕರ ವಿರುದ್ಧದ ಅರಬ್ ದಂಗೆಯಲ್ಲಿ ಪಾಲ್ಗೊಂಡು, 1917ರಲ್ಲಿ ಅಕಾಬಾ ವಶಪಡಿಸಿಕೊಳ್ಳುವಲ್ಲಿ ಪಾತ್ರ ವಹಿಸಿ, ಯುದ್ಧದ ನಂತರ ಜಗತ್ಪ್ರಸಿದ್ಧರಾದರು. ಆದರೆ ಆ ಖ್ಯಾತಿ ಅವರಿಗೆ ಬೇಡವಾಗಿತ್ತು. ಕರ್ನಲ್ ಆಗಿದ್ದವರು ಹೆಸರು ಬದಲಿಸಿಕೊಂಡು ವಾಯುಪಡೆಗೆ ಸಾಮಾನ್ಯ ಸಿಬ್ಬಂದಿಯಾಗಿ ಸೇರಿದರು! 1927ರಲ್ಲಿ ಆಗಿನ ಅವಿಭಜಿತ ಭಾರತದ ಕರಾಚಿಗೆ, ನಂತರ ವಾಯವ್ಯ ಗಡಿಯ ಮೀರಂಶಾಗೆ ಬಂದರು. ಅಫ್ಘಾನಿಸ್ತಾನದಲ್ಲಿ ಬೇಹುಗಾರಿಕೆ ನಡೆಸುತ್ತಿದ್ದಾರೆಂಬ ವದಂತಿ ಹಬ್ಬಿ, 1929ರ ಜನವರಿಯಲ್ಲಿ ಅವರನ್ನು ವಾಪಸ್ ಕರೆಸಿಕೊಳ್ಳಲಾಯಿತು.

ಅವರ ದೊಡ್ಡ ಹುಚ್ಚು ಬೈಕ್. ಒಂದರ ನಂತರ ಒಂದರಂತೆ ಏಳು ಬ್ರೌ ಸುಪೀರಿಯರ್ ಬೈಕ್‌ಗಳನ್ನು ಓಡಿಸಿದರು. ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ವೇಗದ ಭರವಸೆಯೊಂದಿಗೆ ಬರುತ್ತಿದ್ದ ಎಸ್‌ಎಸ್100 ಮಾದರಿ ಅವರಿಗೆ ಅಚ್ಚುಮೆಚ್ಚು. ರೇಸ್ ಸವಾರರು ಆಗಲೇ ಗಟ್ಟಿ ಹೆಲ್ಮೆಟ್ ಹಾಕುತ್ತಿದ್ದರು. ರಸ್ತೆ ಸವಾರರಿಗೆ ಮಾತ್ರ ಅದರ ಗೊಡವೆಯೇ ಇರಲಿಲ್ಲ.

1935ರ ಮೇ 13. ಸೇನೆಯಿಂದ ನಿವೃತ್ತರಾಗಿ ಮೂರು ತಿಂಗಳೂ ಆಗಿರಲಿಲ್ಲ. ಡಾರ್ಸೆಟ್‌ನ ಬೋವಿಂಗ್ಟನ್‌ನಲ್ಲಿ ತಂತಿ ಕಳಿಸಿ ಲಾರೆನ್ಸ್ ಮನೆಗೆ ಮರಳುತ್ತಿದ್ದರು. ರಸ್ತೆಯ ತಗ್ಗಿನಿಂದಾಗಿ ಮುಂದೆ ಸೈಕಲ್‌ನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಕಾಣಿಸಲಿಲ್ಲ. ಅವರನ್ನು ತಪ್ಪಿಸಲು ಹೋಗಿ ಬೈಕ್ ಮೇಲಿಂದ ಹಾರಿ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಪ್ರಜ್ಞೆ ಮರಳಲೇ ಇಲ್ಲ. ಮೇ 19ರಂದು, 46ನೇ ವಯಸ್ಸಿನಲ್ಲಿ ನಿಧನರಾದರು.

ಅವರನ್ನು ನೋಡಲು ಬಂದಿದ್ದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಉಳಿಸಲಾಗದ ಆ ರೋಗಿ ಅವರ ಮನಸ್ಸಿನಲ್ಲಿ ಉಳಿದುಬಿಟ್ಟರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಬೈಕ್ ಸವಾರರ ಸಾವು ಹೆಚ್ಚಿತು. ಮೊದಲ 21 ತಿಂಗಳಲ್ಲೇ ಬ್ರಿಟನ್‌ನಲ್ಲಿ 2,279 ಬೈಕ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಕೇರ್ನ್ಸ್ 1941ರಲ್ಲಿ ಈ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹೆಲ್ಮೆಟ್ ಧರಿಸಿದ್ದಾಗ ಗಾಯಗೊಂಡವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಸಂಖ್ಯೆ ಚಿಕ್ಕದು ನಿಜ, ಆದರೆ ಏಳೂ ಮಂದಿ ಬದುಕಿದ್ದರು.

ಅದೇ ವರ್ಷ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ಬೈಕ್ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಸವಾರರಿಗೆ ಈ ನಿಯಮ ಬಂದಿದ್ದು 1973ರಲ್ಲಿ. ಅದನ್ನು ನೋಡಲು ಕೇರ್ನ್ಸ್ ಇರಲಿಲ್ಲ. ಅವರು 1952ರಲ್ಲೇ ತೀರಿಕೊಂಡಿದ್ದರು.