ಏರ್ ಕಮೋಡೋರ್ ಮೆಹರ್ ಸಿಂಗ್ ಮತ್ತು ವಾಯುಪಡೆಯ 12ನೇ ಸ್ಕ್ವಾಡ್ರನ್

ಭಾರತೀಯ ವಾಯುಪಡೆಯ ಸಾಗಾಣಿಕೆ ವಿಭಾಗದ ಇತಿಹಾಸದಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಅವರ ಹೆಸರು ಅಗ್ರಸ್ಥಾನದಲ್ಲಿ ನಿಲ್ಲುತ್ತದೆ. 1947-48ರ ಜಮ್ಮು ಮತ್ತು ಕಾಶ್ಮೀರ ಕಾರ್ಯಾಚರಣೆಯಲ್ಲಿ ಡಕೋಟಾ ವಿಮಾನಗಳ 12ನೇ ಸ್ಕ್ವಾಡ್ರನ್ ಸಾಧಿಸಿದ ಯಶಸ್ಸು ಇವರ ಮುಂದಾಳತ್ವದೊಂದಿಗೆ ಬೆಸೆದುಕೊಂಡಿದೆ. ವಾಯುಪಡೆಯಲ್ಲಿ ಇವರು ಬಾಬಾ ಮೆಹರ್ ಸಿಂಗ್ ಎಂದೇ ಪರಿಚಿತರಾಗಿದ್ದರು.

ಮೆಹರ್ ಸಿಂಗ್ ಅವರು 1915ರ ಮಾರ್ಚ್ 20ರಂದು, ಈಗ ಪಾಕಿಸ್ತಾನದಲ್ಲಿರುವ ಅಂದಿನ ಲಾಯಲ್‌ಪುರ ಜಿಲ್ಲೆಯಲ್ಲಿ ಜನಿಸಿದರು. ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿನಲ್ಲಿ ತರಬೇತಿ ಪಡೆದು, 1936ರಲ್ಲಿ ಅಧಿಕಾರಿಯಾಗಿ ನೇಮಕಗೊಂಡು 1ನೇ ಸ್ಕ್ವಾಡ್ರನ್ ಸೇರಿದರು. ವಾಯವ್ಯ ಗಡಿ ಪ್ರಾಂತದಲ್ಲಿ ಹಾರಾಟ ನಡೆಸುತ್ತಿದ್ದಾಗ ಒಮ್ಮೆ ನೆಲದಿಂದ ಹಾರಿಸಿದ ಗುಂಡು ಇವರ ವಿಮಾನದ ಇಂಧನ ಟ್ಯಾಂಕಿಗೆ ತಗುಲಿತು. ಬೆಟ್ಟಗಳ ನಡುವೆ ವಿಮಾನವನ್ನು ಇಳಿಸಿ, ರಾತ್ರಿಯ ಕತ್ತಲಲ್ಲಿ ತಮ್ಮ ಸಹಚರನೊಂದಿಗೆ ನಡೆದು ಸೇನಾ ಠಾಣೆಯನ್ನು ತಲುಪಿದರು. ಎರಡನೆಯ ಮಹಾಯುದ್ಧದಲ್ಲಿ 6ನೇ ಸ್ಕ್ವಾಡ್ರನ್ನಿನ ದಳಪತಿಯಾಗಿ ಬರ್ಮಾ ರಣರಂಗದಲ್ಲಿ ಸಲ್ಲಿಸಿದ ಸೇವೆಗಾಗಿ 1944ರಲ್ಲಿ ಡಿ.ಎಸ್.ಓ. ಪದಕ ಪಡೆದರು. ಈ ಪದಕ ಪಡೆದ ಏಕೈಕ ಭಾರತೀಯ ವಾಯುಪಡೆ ಅಧಿಕಾರಿ ಇವರು ಎಂಬುದು ಗಮನಾರ್ಹ.

12ನೇ ಸ್ಕ್ವಾಡ್ರನ್ ಅನ್ನು 1945ರ ಡಿಸೆಂಬರ್ 1ರಂದು ಕೋಹಾಟ್‌ನಲ್ಲಿ ಸ್ಥಾಪಿಸಲಾಯಿತು. ಆರಂಭದಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳನ್ನು ಹೊಂದಿದ್ದ ಈ ದಳಕ್ಕೆ 1946ರಲ್ಲಿ ಡಕೋಟಾ ಸಾಗಾಣಿಕೆ ವಿಮಾನಗಳನ್ನು ನೀಡಲಾಯಿತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲನೆಯ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತ ಡಕೋಟಾಗಳು ಶ್ರೀನಗರದಲ್ಲಿ ಇಳಿದವು. ನಾಗರಿಕ ವಿಮಾನ ಸಂಸ್ಥೆಗಳ ಡಕೋಟಾಗಳೂ ಈ ಕಾರ್ಯದಲ್ಲಿ ಕೈಜೋಡಿಸಿದವು. ಕಾಶ್ಮೀರದ ವಾಯು ಕಾರ್ಯಾಚರಣೆಯ ಹೊಣೆಯನ್ನು ಮೆಹರ್ ಸಿಂಗ್ ಅವರು ವಹಿಸಿಕೊಂಡರು.

ಶತ್ರುಗಳಿಂದ ಸುತ್ತುವರಿಯಲ್ಪಟ್ಟಿದ್ದ ಪೂಂಛ್ ಪಟ್ಟಣದಲ್ಲಿ ಸೈನಿಕರಲ್ಲದೆ ಸುಮಾರು 40,000 ನಿರಾಶ್ರಿತರೂ ಸಿಲುಕಿಕೊಂಡಿದ್ದರು. ರಸ್ತೆ ಸಂಪರ್ಕ ಕಡಿದುಹೋಗಿದ್ದರಿಂದ ಆಹಾರ, ಔಷಧಿ ಹಾಗೂ ಮದ್ದುಗುಂಡುಗಳಿಗೆ ಆಕಾಶಮಾರ್ಗವೊಂದೇ ಗತಿಯಾಗಿತ್ತು. ವಿಮಾನ ಬಾರದಿದ್ದರೆ ಪಟ್ಟಣವು ಉಳಿಯುವಂತಿರಲಿಲ್ಲ. ಸೈನಿಕರು ಮತ್ತು ನಿರಾಶ್ರಿತರು ಒಟ್ಟಾಗಿ ದುಡಿದು, ಹಳ್ಳಗಳಿಂದ ಆವೃತವಾದ ಕಿರಿದಾದ ಜಾಗದಲ್ಲಿ ವಿಮಾನ ಇಳಿದಾಣವೊಂದನ್ನು ಸಿದ್ಧಪಡಿಸಿದರು. 1947ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲ ಡಕೋಟಾವನ್ನು ಮೆಹರ್ ಸಿಂಗ್ ಅವರೇ ಇಳಿಸಿದರು. ಅಂದು ಏರ್ ವೈಸ್ ಮಾರ್ಷಲ್ ಆಗಿದ್ದ ಸುಬ್ರತೋ ಮುಖರ್ಜಿ ಅವರೂ ಆ ವಿಮಾನದಲ್ಲಿದ್ದರು. ತರುವಾಯ ಡಕೋಟಾಗಳು ಸಾಮಗ್ರಿಗಳನ್ನು ಹೊತ್ತು ಬಂದು, ಹಿಂದಿರುಗುವಾಗ ಗಾಯಾಳುಗಳನ್ನೂ ನಿರಾಶ್ರಿತರನ್ನೂ ಕರೆದೊಯ್ದವು. ಶತ್ರುಗಳ ಫಿರಂಗಿಗಳು ಇಳಿದಾಣದ ಮೇಲೆ ದಾಳಿ ನಡೆಸಿದಾಗ, ರಾತ್ರಿ ವೇಳೆ ಎಣ್ಣೆ ದೀಪಗಳ ಬೆಳಕಿನಲ್ಲಿ ವಿಮಾನಗಳನ್ನು ಇಳಿಸಿ ಫಿರಂಗಿಗಳನ್ನು ತಲುಪಿಸಲಾಯಿತು. 1948ರ ನವೆಂಬರ್‌ನಲ್ಲಿ ಭೂಸೇನೆಯು ಪೂಂಛ್ ತಲುಪುವವರೆಗೆ ಪಟ್ಟಣವು ಕೈತಪ್ಪಲಿಲ್ಲ.

ಇದೇ ಅವಧಿಯಲ್ಲಿ ಲಡಾಖ್‌ನ ಲೇಹ್ ಪಟ್ಟಣಕ್ಕೂ ಅಪಾಯ ಎದುರಾಯಿತು. ಎಂಜಿನಿಯರ್ ಸೋನಂ ನೋರ್ಬು ಅವರು ಸ್ಥಳೀಯರ ಶ್ರಮದಿಂದ 10,000 ಅಡಿಗಳಿಗೂ ಮೀರಿದ ಎತ್ತರದಲ್ಲಿ ಇಳಿದಾಣ ನಿರ್ಮಿಸಿದ್ದರು. ಆದರೆ ಅಲ್ಲಿಗೆ ಅದುವರೆಗೆ ಯಾವ ವಿಮಾನವೂ ಹೋಗಿರಲಿಲ್ಲ. ಡಕೋಟಾದೊಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇರಲಿಲ್ಲ. 1948ರ ಮೇ 24ರಂದು ಮೆಹರ್ ಸಿಂಗ್ ಅವರು ಹಿಮಾಲಯ ಶ್ರೇಣಿಗಳನ್ನು ದಾಟಿ ಲೇಹ್‌ನಲ್ಲಿ ಡಕೋಟಾ ಇಳಿಸಿದರು. ಕೊಡಗಿನ ಮಡಿಕೇರಿಯವರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರು ಆ ವಿಮಾನದಲ್ಲಿ ಜೊತೆಗಿದ್ದುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಅನಂತರ ಇದೇ ಮಾರ್ಗದಲ್ಲಿ ಗೂರ್ಖಾ ಸೈನಿಕರನ್ನು ಕಳುಹಿಸಲು ಸಾಧ್ಯವಾಗಿ, ಲೇಹ್ ಸುರಕ್ಷಿತವಾಯಿತು.

ಪೂಂಛ್ ಮತ್ತು ಲೇಹ್ ಎರಡೂ ಕಡೆ ಮೊದಲ ಹಾರಾಟದ ಅಪಾಯವನ್ನು ಹಿರಿಯ ಅಧಿಕಾರಿಯಾದ ಮೆಹರ್ ಸಿಂಗ್ ತಾವೇ ಹೊತ್ತರು. ತಾವು ಇಳಿದು ನೋಡಿದ ನೆಲಕ್ಕೇ ಉಳಿದ ವಿಮಾನಚಾಲಕರನ್ನು ಕಳುಹಿಸಿದರು. ಕಿರಿಯರು ಇವರ ಮೇಲಿಟ್ಟ ವಿಶ್ವಾಸಕ್ಕೆ ಇದೇ ಆಧಾರವಾಗಿತ್ತು. ಇವರ ಸೇವೆಯನ್ನು ಗುರುತಿಸಿ ಭಾರತ ಸರ್ಕಾರವು ಮಹಾವೀರ ಚಕ್ರ ನೀಡಿ ಗೌರವಿಸಿತು.

1948ರಲ್ಲಿಯೇ ವಾಯುಪಡೆಯ ಸೇವೆಯನ್ನು ತೊರೆದ ಮೆಹರ್ ಸಿಂಗ್ ಅವರು, ಬಳಿಕ ಪಟಿಯಾಲದ ಮಹಾರಾಜರ ಸಲಹೆಗಾರರಾಗಿದ್ದರು. 1952ರ ಮಾರ್ಚ್ ತಿಂಗಳಿನಲ್ಲಿ ಜಮ್ಮುವಿನಿಂದ ದೆಹಲಿಗೆ ರಾತ್ರಿ ಹಾರಾಟ ನಡೆಸುತ್ತಿದ್ದಾಗ, ಬಿರುಗಾಳಿಗೆ ಸಿಲುಕಿ ವಿಮಾನ ಅಪಘಾತದಲ್ಲಿ ನಿಧನರಾದರು. ಆಗ ಇವರ ವಯಸ್ಸು ನಲವತ್ತೂ ಆಗಿರಲಿಲ್ಲ.

12ನೇ ಸ್ಕ್ವಾಡ್ರನ್ ಮುಂದೆ ಆಂಟೊನೊವ್-32 ವಿಮಾನಗಳೊಂದಿಗೆ ಸಾಗಾಣಿಕೆ ಸೇವೆಯನ್ನು ಮುಂದುವರಿಸಿತು. 2018ರಲ್ಲಿ ವಾಯುಪಡೆಯು ಡ್ರೋನ್ ತಂತ್ರಜ್ಞಾನದ ಸ್ಪರ್ಧೆಯೊಂದನ್ನು ಮೆಹರ್ ಬಾಬಾ ಹೆಸರಿನಲ್ಲಿ ಆರಂಭಿಸಿ ಇವರ ಸ್ಮರಣೆಯನ್ನು ಹೊಸ ಪೀಳಿಗೆಗೆ ತಲುಪಿಸಿತು.